ಟಿಕೆಟ್‌ಗೂ ಮೊದಲು ಪಾಸ್‌ಪೋರ್ಟ್ ಬಿಚ್ಚಿ ನೋಡಿ

ಗುರುತಿನ ದಾಖಲೆಯ ಕೆಲಸ ಟಿಕೆಟ್ ಬುಕ್ ಮಾಡುವ ಮೊದಲೇ ಮುಗಿದಿರಬೇಕು. ದೇಶದೊಳಗಿನ ಹಾರಾಟಕ್ಕೆ ಸಾಮಾನ್ಯವಾಗಿ ಸರ್ಕಾರ ಕೊಟ್ಟ, ಫೋಟೊ ಇರುವ, ಅವಧಿ ಮುಗಿಯದ ಒಂದು ಮೂಲ ದಾಖಲೆ ಸಾಕು. ಗಡಿ ದಾಟುವುದಾದರೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ಬೇಕು, ಎಡವಟ್ಟುಗಳು ಹೆಚ್ಚಾಗಿ ಆಗುವುದೂ ಅಲ್ಲೇ.

ಮೊದಲು ಹೆಸರು. ಫೋಟೊ ಪುಟದ ಕೆಳಗಡೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ, ಒಂದೊಂದರಲ್ಲೂ 44 ಸ್ಥಾನ. ಮೇಲಿನ ಸಾಲಿನಲ್ಲಿ ದೇಶದ ಸಂಕೇತ, ಸರ್‌ನೇಮ್, ಎರಡು ಬಾಣದ ಗುರುತು, ಆಮೇಲೆ ನಿಮ್ಮ ಹೆಸರು. ಟಿಕೆಟ್‌ನಲ್ಲೂ ಇದೇ ಕಾಗುಣಿತ ಬರಬೇಕು. ಕರೆಯುವ ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೂ ಬದಲಾಗದ ಮದುವೆಯ ನಂತರದ ಹೆಸರು, ಬಿಡಿಸಿ ಬರೆದ ಇನಿಷಿಯಲ್ ಯಾವುದೂ ಬೇಡ. ಒಂದೇ ಹೆಸರಿನವರು ಹಣ ಕಟ್ಟುವ ಮೊದಲೇ ವಿಮಾನಯಾನ ಸಂಸ್ಥೆಯನ್ನು ಕೇಳಿ. ಬುಕಿಂಗ್ ಫಾರ್ಮ್ ಎರಡು ಹೆಸರು ಬೇಡುತ್ತದೆ, ಖಾಲಿ ಜಾಗ ತುಂಬುವ ರೀತಿ ಒಂದೊಂದು ಸಂಸ್ಥೆಯದು ಒಂದೊಂದು. ಬೋರ್ಡಿಂಗ್ ಪಾಸ್‌ನಲ್ಲಿ ಹೆಸರಿನ ಕೊನೆಗೆ ‘ಎಂಆರ್’ ಅಂಟಿಕೊಂಡಿದ್ದರೆ ಗಾಬರಿಯಾಗಬೇಡಿ, ಅದು ‘ಮಿಸ್ಟರ್’ ಅಷ್ಟೆ.

ಪಾಸ್‌ಪೋರ್ಟ್ ಸಂಖ್ಯೆಯನ್ನು ಪುಟದ ಮೇಲ್ಭಾಗದಿಂದಲೇ ನಕಲು ಮಾಡಿ. ಕೆಳಗಿನ ಸಾಲಿನಲ್ಲಿ ಸಂಖ್ಯೆಗೆ ಮೊದಲ 9 ಸ್ಥಾನ ಮೀಸಲು, 10ನೆಯದು ತಾಳೆ ನೋಡುವ ಅಂಕಿ. ಅದನ್ನೂ ಸೇರಿಸಿ ಇ-ವೀಸಾ ಅರ್ಜಿ ತುಂಬಿದರೆ ವೀಸಾ ಬಂದರೂ ಪಾಸ್‌ಪೋರ್ಟ್‌ಗೆ ಹೊಂದುವುದಿಲ್ಲ. ಸೊನ್ನೆ ಮತ್ತು ‘ಓ’ ಅಕ್ಷರದ ಗೊಂದಲವೂ ಇಷ್ಟೇ ದುಬಾರಿ.

ಇನ್ನು ಅವಧಿ. ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ಷೆಂಗೆನ್ ದೇಶಗಳಿಗೆ (ತಮ್ಮೊಳಗೆ ಗಡಿ ತಪಾಸಣೆ ಕೈಬಿಟ್ಟ ಯುರೋಪಿನ ದೇಶಗಳ ಗುಂಪು) ಹೋಗುವ ಹೊರಗಿನವರಿಗೆ ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಉಳಿದಿರಬೇಕು, ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಖಾಲಿ ಪುಟ ಎರಡಾದರೂ ಇರಲಿ. ಫೋಟೊ ಪುಟದ ಪದರ ಎದ್ದಿದ್ದರೆ ಅಥವಾ ನೀರು ಬಿದ್ದು ಅಕ್ಷರ ಹರಡಿದ್ದರೆ ಹೊಸದು ಮಾಡಿಸಿ.

ಎರಡು ಬೇರೆ ಬೇರೆ ಟಿಕೆಟ್‌ಗಳಲ್ಲಿ ಹೋಗುವವರು ನಡುವಿನ ನಿಲ್ದಾಣವನ್ನು ಮರೆಯುತ್ತಾರೆ. ಅಲ್ಲಿ ಲಗೇಜ್ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾದರೆ ಆ ದೇಶವನ್ನು ಪ್ರವೇಶಿಸಿದಂತೆಯೇ, ವೀಸಾ ಬೇಕಾಗಬಹುದು. ಕೌಂಟರ್‌ನವರು ಇದನ್ನು ಬಿಗಿಯಾಗಿ ನೋಡಲು ಕಾರಣವಿದೆ: ಪ್ರವೇಶ ಸಿಗದ ಪ್ರಯಾಣಿಕರನ್ನು ವಾಪಸ್ ಕರೆತರುವ ಹೊಣೆ ಸಂಸ್ಥೆಯದೇ, ದಂಡವೂ ಬೀಳಬಹುದು. ಅವರು ನಿಯಮ ನೋಡುವುದು ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಯಾಟಾದ ‘ಟಿಮ್ಯಾಟಿಕ್’ ದತ್ತಾಂಶದಲ್ಲಿ.

ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಮಾಡಿಸಿ. ಮಗು ತಂದೆ ಅಥವಾ ತಾಯಿ ಒಬ್ಬರ ಜೊತೆಗಷ್ಟೇ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ, ಜನನ ಪ್ರಮಾಣಪತ್ರ ಜೊತೆಗಿರಲಿ.

ಮೂಲ ದಾಖಲೆಗಳೆಲ್ಲ ಕೈಚೀಲದಲ್ಲಿರಲಿ. ಚಾಲ್ತಿ ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿದ್ದರೆ ಎರಡನ್ನೂ ಒಯ್ಯಿರಿ. ಕಳೆದುಹೋಯಿತೆಂದು ದೂರು ಕೊಟ್ಟ ಪಾಸ್‌ಪೋರ್ಟ್ ಮತ್ತೆ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡಬೇಡಿ. ಅಷ್ಟರಲ್ಲಿ ಅದು ರದ್ದಾಗಿ, ಇಂಟರ್‌ಪೋಲ್‌ನ ಕಳೆದ ದಾಖಲೆಗಳ ಪಟ್ಟಿ ಸೇರಿರಬಹುದು.