ವೀರನಾರಿಯರ ಕಾಗದಪತ್ರ: ರೆಕಾರ್ಡ್ ಆಫೀಸಿನ ನಿವೃತ್ತ ಕ್ಲರ್ಕನ ಅನುಭವ

ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಸೈನಿಕರಿಲ್ಲದ ಓಣಿ ಸಿಗುವುದು ಕಷ್ಟ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಇದೇ ಊರಿನಲ್ಲಿರುವುದರಿಂದ ತಂದೆಯ ಹಿಂದೆ ಮಗ, ಅಣ್ಣನ ಹಿಂದೆ ತಮ್ಮ ಭರ್ತಿಯಾಗುವುದು ಇಲ್ಲಿ ಬಹಳ ಹಳೆಯ ರೂಢಿ. ನಾನು ಸೇನೆಯಲ್ಲಿ ಕ್ಲರ್ಕ್ ಆಗಿ ದುಡಿದು, ಸೇವೆಯ ಕೊನೆಯ ವರ್ಷಗಳನ್ನು ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿನ ಕಡತಗಳ ನಡುವೆ ಕಳೆದು ಊರಿಗೆ ಮರಳಿದವನು. ಬಂದ ಮೇಲೆ ಮಾಜಿ ಸೈನಿಕರ ಸಂಘದವರು ವೀರನಾರಿಯರ, ಅಂದರೆ ಹುತಾತ್ಮರ ಪತ್ನಿಯರ, ಮನೆಗಳ ಕಾಗದಪತ್ರದ ಹೊಣೆಯನ್ನು ನನಗೆ ಒಪ್ಪಿಸಿದರು. ಅಂದಿನಿಂದ ಅದೇ ನನ್ನ ಕೆಲಸವಾಗಿದೆ.

ಯೋಧನ ಪಾರ್ಥಿವ ಶರೀರ ಊರಿಗೆ ಬರುವ ದಿನ ಯಾವುದಕ್ಕೂ ಕೊರತೆಯಿರುವುದಿಲ್ಲ. ಜಿಲ್ಲಾಡಳಿತ ಬರುತ್ತದೆ, ಸಕಲ ಸರ್ಕಾರಿ ಗೌರವ ಸಲ್ಲುತ್ತದೆ, ಮಡಚಿದ ತ್ರಿವರ್ಣ ಧ್ವಜವನ್ನು ಪತ್ನಿಯ ಕೈಗೆ ಒಪ್ಪಿಸುತ್ತಾರೆ, ಸುತ್ತಲಿನ ಊರುಗಳ ಜನ ಟ್ರ್ಯಾಕ್ಟರ್ ಏರಿ ಬರುತ್ತಾರೆ. ಆ ಗೌರವ ನಿಜವಾದದ್ದು, ಅದನ್ನು ನಾನು ಎಂದೂ ಹಗುರಾಗಿ ಕಂಡಿಲ್ಲ. ಆದರೆ ಆ ಮನೆಗೆ ನಮ್ಮಂಥವರು ಹೆಚ್ಚು ಬೇಕಾಗುವುದು ಹದಿಮೂರನೆಯ ದಿನ ಕಳೆದು ನೆಂಟರು ಊರಿಗೆ ತೆರಳಿದ ಮೇಲೆ, ಅಂಚೆಯವನು ಇಂಗ್ಲಿಷಿನ ಮೊದಲ ಲಕೋಟೆ ತಂದಾಗ.

ಆ ಲಕೋಟೆಗಳಲ್ಲಿ ಬರುವ ತೊಡಕುಗಳಲ್ಲಿ ಹೆಚ್ಚಿನವು ಹೆಸರಿನವು. ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ ಅನೇಕ ಮನೆತನಗಳಲ್ಲಿದೆ. ಶಾಲೆಯ ದಾಖಲಾತಿಯಲ್ಲಿ ತವರಿನ ಹೆಸರು, ಯೋಧ ತನ್ನ ಘಟಕದಲ್ಲಿ ಬರೆಸಿದ್ದು ಗಂಡನ ಮನೆಯ ಹೆಸರು, ಆಧಾರ್ ಮಾಡಿಸಿದವನು ತನಗೆ ಕೇಳಿಸಿದಂತೆ ಬರೆದ ಮೂರನೆಯ ಹೆಸರು. ಒಂದು ಮನೆಯಲ್ಲಿ ಈ ಮೂರು ಕಾಗದಗಳನ್ನು ಜೋಳದ ಚೀಲದ ಮೇಲೆ ಸಾಲಾಗಿ ಹರವಿಕೊಂಡು ನಾನು ಓದುತ್ತಿದ್ದಾಗ, ಅತ್ತೆಯಾದವರು ಸೊಸೆಯ ಕೈ ಹಿಡಿದುಕೊಂಡು, “ಲಗ್ನದಾಗ ನಾವ ಹೆಸರ ಬದಲ ಮಾಡಿದ್ವಿರೀ, ಎಲ್ಲಾ ಅಕೀನ” ಎಂದರು. ಆ ತಾಯಿ ಹೇಳಿದ್ದು ಊರಿಗೆಲ್ಲ ಗೊತ್ತಿದ್ದ ಸತ್ಯ, ಆದರೆ ಪ್ರಯಾಗರಾಜದಲ್ಲಿ ಪಿಂಚಣಿ ಮಂಜೂರು ಮಾಡುವ ಕಚೇರಿಗೆ ಅದು ಕಾಗದದ ಮೇಲೆಯೇ ತಲುಪಬೇಕು. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ, ಗ್ರಾಮ ಪಂಚಾಯಿತಿಯ ಪತ್ರವನ್ನೂ ಶಾಲೆಯ ದಾಖಲೆಯನ್ನೂ ಜೊತೆಗಿಟ್ಟು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳುಹಿಸಿದೆವು. ಕಳುಹಿಸುವ ಪ್ರತಿ ಕಾಗದದ ನಕಲನ್ನೂ ಅಂಚೆಯ ರಸೀದಿಯನ್ನೂ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಇಡುವುದು ನನ್ನ ನಿಯಮ. ಆ ಫೈಲು ಇರಬೇಕಾದದ್ದು ಅವರ ಮನೆಯಲ್ಲಿ, ನನ್ನ ಮನೆಯಲ್ಲಲ್ಲ.

ಇದಕ್ಕಿಂತ ಭಾರವಾದ ಪ್ರಶ್ನೆ ಸಾವು ಯಾವ ವರ್ಗಕ್ಕೆ ಸೇರುತ್ತದೆ ಎಂಬುದು. ಶತ್ರುವಿನ ಗುಂಡಿಗೆ ಬಲಿಯಾದವನಷ್ಟೇ ಹುತಾತ್ಮನೆಂದು ಜನ ತಿಳಿಯುತ್ತಾರೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಠಾಣೆಯಲ್ಲಿದ್ದ 10 ಯೋಧರು ಹುದುಗಿಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ದಿನಗಳ ನಂತರ ಜೀವಂತವಾಗಿ ಸಿಕ್ಕು, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರನ್ನು ಕೊಂದದ್ದು ಹಿಮ, ಗುಂಡಲ್ಲ. ಹೀಗಿರುವಾಗ ನಿಯಮ ಏನು ಹೇಳುತ್ತದೆ ಎಂಬುದನ್ನು ನಾನು ಪ್ರತಿ ಮನೆಯಲ್ಲೂ ನಿಧಾನವಾಗಿ ವಿವರಿಸುತ್ತೇನೆ. ಯುದ್ಧದಲ್ಲಿ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಮಡಿದವರ ಪತ್ನಿಗೆ ಉದಾರೀಕೃತ ಕುಟುಂಬ ಪಿಂಚಣಿ ಸಲ್ಲುತ್ತದೆ, ಅದು ಯೋಧ ಕೊನೆಯದಾಗಿ ಪಡೆದ ವೇತನದಷ್ಟೇ ಇರುತ್ತದೆ. ಅಧಿಸೂಚಿತ ಕಾರ್ಯಾಚರಣೆಯ ಪ್ರದೇಶದಲ್ಲಿ ಪ್ರಕೃತಿಯ ಹೊಡೆತಕ್ಕೆ ಸಿಕ್ಕವರ ಕುಟುಂಬವೂ ಇದಕ್ಕೆ ಅರ್ಹವಾಗಬಹುದು. ಸಾವಿಗೆ ಸೈನಿಕ ಸೇವೆಯೇ ಕಾರಣವೆಂದು ಒಪ್ಪಿದಾಗ ಸಿಗುವ ವಿಶೇಷ ಕುಟುಂಬ ಪಿಂಚಣಿ ಆ ವೇತನದ ಶೇ. 60ರಷ್ಟು. ಸೇವೆಗೂ ಸಾವಿಗೂ ಸಂಬಂಧವಿಲ್ಲವೆಂದಾದರೆ ಉಳಿಯುವುದು ಸಾಮಾನ್ಯ ಪಿಂಚಣಿ, ಅದರ ಸಾಧಾರಣ ದರ ಶೇ. 30 ಮಾತ್ರ. ಒಂದು ವಾಕ್ಯದ ಟಿಪ್ಪಣಿ ಒಂದು ಸಂಸಾರದ ಅನ್ನವನ್ನು ಮೂರು ಪಾಲಿನಿಂದ ಒಂದು ಪಾಲಿಗೆ ಇಳಿಸಬಲ್ಲದು.

ಆದುದರಿಂದ ಸಾವಿನ ಬಗ್ಗೆ ಸೇನೆಯೇ ನಡೆಸುವ ವಿಚಾರಣೆಯ (ಕೋರ್ಟ್ ಆಫ್ ಎನ್‌ಕ್ವೈರಿ) ನಡಾವಳಿಯ ಪ್ರತಿ ಮತ್ತು ವೈದ್ಯಕೀಯ ವರದಿ ಕೈಗೆ ಬರುವವರೆಗೆ ನಾನು ಬರೆಯುವುದನ್ನು ನಿಲ್ಲಿಸುವುದಿಲ್ಲ. ಎತ್ತರದ ಠಾಣೆಯಲ್ಲಿ ಎದೆನೋವಿನಿಂದ ತೀರಿಕೊಂಡ ಯುವಕನೊಬ್ಬನ ಕಡತದಲ್ಲಿ ಆ ಸಾವಿಗೆ ಸೇವೆ ಕಾರಣವಲ್ಲ ಎಂದು ಬರೆಯಲಾಗಿತ್ತು. ಆತ ಭರ್ತಿಯಾದಾಗ ಪೂರ್ಣ ಆರೋಗ್ಯವಂತನೆಂದು ದಾಖಲಾಗಿದ್ದನ್ನೂ, ಆ ಠಾಣೆಯಲ್ಲಿ ಎಷ್ಟು ಕಾಲ ಇದ್ದನೆಂಬುದನ್ನೂ, ಕೊನೆಯ ದಿನಗಳಲ್ಲಿ ಯಾವ ಕರ್ತವ್ಯದಲ್ಲಿದ್ದನೆಂಬುದನ್ನೂ ಜೊತೆಗಾರರಿಂದ ಬರೆಸಿ ತರಿಸಿಕೊಂಡು ಮೇಲ್ಮನವಿ ಸಲ್ಲಿಸಿದೆವು, ತೀರ್ಮಾನ ಬದಲಾಯಿತು. ಇಲಾಖೆಯ ಮೇಲ್ಮನವಿಗಳೂ ಫಲಿಸದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ರಾಮದುರ್ಗದ ಹೆಣ್ಣುಮಗಳಿಗೆ ಕೊಚ್ಚಿ ಎಷ್ಟು ದೂರವೆಂದು ನನಗೆ ಗೊತ್ತು, ಅದಕ್ಕೇ ಕೆಳಹಂತದಲ್ಲಿಯೇ ಕಡತವನ್ನು ಗಟ್ಟಿಗೊಳಿಸಲು ಇಷ್ಟು ಶ್ರಮಪಡುತ್ತೇನೆ.

ಹಣ ಬಂದ ಮೇಲಿನ ಕಷ್ಟ ಬೇರೆ. ಕೇಂದ್ರದ ಪರಿಹಾರಧನವೇ ಸಾವಿನ ಸಂದರ್ಭಕ್ಕೆ ತಕ್ಕಂತೆ ಲಕ್ಷಗಳಲ್ಲಿರುತ್ತದೆ, ಜೊತೆಗೆ ಸೇನೆಯ ಗುಂಪು ವಿಮೆ, ರಾಜ್ಯದ ಪರಿಹಾರ. ಪಿಂಚಣಿಯಲ್ಲಿ ಮೊದಲ ಹಕ್ಕು ಪತ್ನಿಯದು. ವಿಮೆಯ ಹಣ ಯೋಧ ಬರೆಸಿದ ನಾಮನಿರ್ದೇಶನದಂತೆ ಹೋಗುತ್ತದೆ. ಈ ವ್ಯತ್ಯಾಸ ತಿಳಿಯದೆ ಅತ್ತೆಮಾವಂದಿರಿಗೂ ಸೊಸೆಗೂ ಮಾತು ಮುರಿದ ಮನೆಗಳಿವೆ. ನಾನು ಎಲ್ಲರನ್ನೂ ಒಟ್ಟಿಗೆ ಕೂಡ್ರಿಸಿಕೊಂಡೇ ಲೆಕ್ಕ ಓದಿ ಹೇಳುತ್ತೇನೆ, ಒಬ್ಬರ ಕಿವಿಯಲ್ಲಿ ಹೇಳಿ ಇನ್ನೊಬ್ಬರಿಂದ ಮರೆಮಾಡುವುದಿಲ್ಲ. ಮಗನನ್ನು ಕಳೆದುಕೊಂಡ ತಂದೆತಾಯಿಯ ದುಃಖ ಸೊಸೆಯ ದುಃಖಕ್ಕಿಂತ ಕಡಿಮೆಯದಲ್ಲ, ಅವರ ಔಷಧ-ಉಪಚಾರದ ಖರ್ಚಿನ ಮಾತು ಅದೇ ದಿನ ಆಡಿಬಿಡುವುದು ಒಳ್ಳೆಯದು. ಮೊದಲ ಒಂದು ವರ್ಷ ಹೊಲ ಕೊಳ್ಳುವುದು, ಸೈಟಿಗೆ ಮುಂಗಡ ಕೊಡುವುದು, ನೆಂಟರಿಗೆ ಸಾಲ ನೀಡುವುದು ಯಾವುದೂ ಬೇಡ, ಹಣವೆಲ್ಲ ಅವಳ ಹೆಸರಿನಲ್ಲಿ ಬ್ಯಾಂಕಿನ ಠೇವಣಿಯಲ್ಲಿರಲಿ ಎಂಬ ನನ್ನ ಸಲಹೆಗೆ ಕೆಲವರು ಮುನಿಸಿಕೊಂಡದ್ದುಂಟು. ಆದರೂ ಅದನ್ನು ಬದಲಿಸುವ ಕಾರಣ ನನಗೆ ಕಂಡಿಲ್ಲ.

ಮಕ್ಕಳ ಶಿಕ್ಷಣದ ನೆರವು 1971ರ ಯುದ್ಧದ ಕಾಲದಲ್ಲಿ ಘೋಷಣೆಯಾದದ್ದು. ನಡುವೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿದ್ದನ್ನು 2018ರಲ್ಲಿ ತೆಗೆದುಹಾಕಲಾಯಿತು. ಶಾಲೆಯ ಮುಖ್ಯಸ್ಥರ ಪ್ರಮಾಣಪತ್ರವನ್ನು ಸಕಾಲದಲ್ಲಿ ಕಳುಹಿಸದಿದ್ದರೆ ಇದ್ದ ಹಕ್ಕೂ ಕೈಗೆ ಬರುವುದಿಲ್ಲ. ವಿಜಯಪುರದ ಸೈನಿಕ ಶಾಲೆ, ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆ, ಹೆಣ್ಣುಮಕ್ಕಳಿಗೆ ಕಿತ್ತೂರಿನ ಸೈನಿಕ ಶಾಲೆ ನಮಗೆ ಹತ್ತಿರದಲ್ಲಿವೆ. ಆದರೆ ಮಗುವನ್ನು ಅಲ್ಲಿಗೆ ಕಳುಹಿಸಲು ತಾಯಿಯ ಮನಸ್ಸು ಒಪ್ಪದಿದ್ದರೆ ನಾನು ಒತ್ತಾಯಿಸುವುದಿಲ್ಲ.

ಇನ್ನು ಸನ್ಮಾನದ ವಿಷಯ. ಡಿಸೆಂಬರ್ 7ರ ಧ್ವಜ ದಿನಕ್ಕೆ, ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ವೀರನಾರಿಯರನ್ನು ಕರೆಯುವ ಸಂಘಸಂಸ್ಥೆಗಳು ಬಹಳ. ಕರೆಯುವ ಮೊದಲು ಅವರನ್ನು ಕೇಳಿ, ವೇದಿಕೆಯ ಮೇಲೆ ಆ ಸಾವಿನ ಕಥೆಯನ್ನು ಮತ್ತೆ ಹೇಳಬೇಡಿ ಎಂದು ನಾನು ಸಂಘಟಕರಿಗೆ ಮುಂಚೆಯೇ ತಿಳಿಸುತ್ತೇನೆ. ನಮ್ಮ ಕಡೆ ಹೆಣ್ಣುಮಗಳಿಗೆ ಸಲ್ಲುವ ದೊಡ್ಡ ಗೌರವವೆಂದರೆ ಉಡಿ ತುಂಬುವುದು, ಅದು ಮುತ್ತೈದೆಯರಿಗೆ ಮಾತ್ರ ಎಂಬುದು ಹಿಂದಿನಿಂದ ಬಂದದ್ದು. ಒಂದು ಸಮಾರಂಭದಲ್ಲಿ ಬೇರೆಲ್ಲ ಹೆಣ್ಣುಮಕ್ಕಳಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಖಣ ಇಟ್ಟು ಉಡಿ ತುಂಬಿ, ಆ ದಿನದ ಗೌರವ ಯಾರದಾಗಿತ್ತೋ ಆ ತಂಗಿಯ ಹೆಗಲಿಗೆ ಶಾಲು ಮಾತ್ರ ಹೊದಿಸಿದ್ದನ್ನು ಕಣ್ಣಾರೆ ಕಂಡೆ. ಅಂದಿನಿಂದ ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಉಡಿ ತುಂಬುವುದಾದರೆ ವೀರನಾರಿಗೆ ಮೊದಲು, ಆಮೇಲೆ ಉಳಿದವರಿಗೆ. ಇದಕ್ಕೆ ಹಿರಿಯ ಅವ್ವಂದಿರು ಆಕ್ಷೇಪಿಸುತ್ತಾರೆಂದು ಅಂಜಿದ್ದೆವು. ಮೊದಲು ಉಡಿ ತುಂಬಲು ಮುಂದೆ ಬಂದವರು ಅವರೇ. ಆಗಸ್ಟ್ 15ರಂದು ನಮ್ಮೂರಿನ ಶಾಲೆಯಲ್ಲಿ ಧ್ವಜಾರೋಹಣಕ್ಕೂ ಈಗ ವೀರನಾರಿಯರನ್ನೇ ಕರೆಯುತ್ತಾರೆ.

ಇತ್ತೀಚೆಗೆ ನಾವು ಹಿಡಿದಿರುವ ಕೆಲಸ ರಜೆಗೆ ಬರುವ ಯುವ ಸೈನಿಕರೊಂದಿಗಿನದು. ಯುಗಾದಿಗೋ ಎಲ್ಲಮ್ಮನ ಜಾತ್ರೆಗೋ ಊರಿಗೆ ಬಂದವನನ್ನು ಒಂದು ಗಂಟೆ ಕೂಡ್ರಿಸಿಕೊಂಡು, ಹೆಂಡತಿಯ ಹೆಸರು ಘಟಕದ ದಾಖಲೆಯಲ್ಲಿ, ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ, ಮಕ್ಕಳ ಜನನ ದಾಖಲಾಗಿದೆಯೇ, ವಿಮೆಯ ನಾಮನಿರ್ದೇಶನ ಮದುವೆಯ ನಂತರ ತಿದ್ದಿಸಿದ್ದಾನೆಯೇ ಎಂದು ನೋಡುತ್ತೇವೆ. ಇದು ಅಶುಭದ ಮಾತೆಂದು ಮನೆಯವರು ಹಿಂಜರಿದಾಗ, ಬಡ್ತಿಗೂ ವರ್ಗಾವಣೆಗೂ ಇವೇ ಕಾಗದ ಬೇಕು ಎಂದು ಹೇಳಿ ಒಪ್ಪಿಸುತ್ತೇನೆ, ಅದು ಸುಳ್ಳೂ ಅಲ್ಲ. ವ್ಯತ್ಯಾಸ ಕಂಡರೆ ಆತನೇ ರಜೆ ಮುಗಿಸಿ ಹೋಗುವಾಗ ಅಫಿಡವಿಟ್ ಮಾಡಿಸಿ ಜೊತೆಗೆ ಒಯ್ದು ತನ್ನ ಘಟಕದ ಕ್ಲರ್ಕನ ಕೈಗೆ ಕೊಟ್ಟು ಸರಿಪಡಿಸಿಕೊಳ್ಳುತ್ತಾನೆ.