ಬಟ್ಟೆ ಮನೆಯಲ್ಲಿ ಮೂರು ಮಳೆಗಾಲ: ನನ್ನ ಅನುಭವ

ಈ ಸಲ ಸ್ವಾತಿ ಮಳೆ ಮುಗಿದು ಬಿಸಿಲು ಬಿದ್ದ ಮೊದಲ ದಿನವೇ ಟೆಂಟ್ ಬಿಚ್ಚಿ ಅಂಗಳದಲ್ಲಿ ಹರಡಿದೆ. ಒಂದೊಂದೇ ಹೊಲಿಗೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿದೆ. ಬಾಗಿಲ ಕೆಳಗಿನ ಒಂದು ಗೇಣು ಬಿಟ್ಟರೆ ಎಲ್ಲೂ ನೂಲು ಜಗ್ಗಲಿಲ್ಲ. ಮೂರು ಮಳೆಗಾಲ ಕಳೆದ ಹತ್ತಿ ಬಟ್ಟೆ ಅದು, ಅದೂ ಶಿವಮೊಗ್ಗ ಜಿಲ್ಲೆಯ ನಿಟ್ಟೂರಿನಿಂದ ಒಳಗೆ, ಘಟ್ಟದ ಅಂಚಿನಲ್ಲಿ. ಆಗುಂಬೆಯ ಏಳು ಸಾವಿರ ಮಿಲಿಮೀಟರ್ ನಮ್ಮಲ್ಲಿ ಬೀಳುವುದಿಲ್ಲ. ಆದರೂ ಪುನರ್ವಸು ಹಿಡಿದರೆ ಆಶ್ಲೇಷದವರೆಗೆ ಒದ್ದೆ ಪಂಚೆ ಒಣಗದ ಜಾಗ ನಮ್ಮದು.

"ಎಂತಾ ಭಾವಾ, ಬಟ್ಟೆ ಮನೆ ಕಟ್ಕಂಡು ಆರಿದ್ರೆ ಮಳೆಗೆ ಕೂತ್ಕಂತ್ಯನಾ? ಹದಿನೈದು ದಿನಕ್ಕೆ ಬೂಷ್ಟು ಹಿಡ್ದು ಅಣಬೆ ಏಳ್ತದೆ ನೋಡು" ಅಂತ ನನ್ನ ಭಾವ ಎಲ್ಲರೆದುರು ಹೇಳಿದ್ದ. ಈ ವರ್ಷ ಅವನೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಟೆಂಟಿಗೆ ಹೋದದ್ದು ಶೋಕಿಗಲ್ಲ. ಮನೆಯಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ ಮೂರೂವರೆ ಎಕರೆ ಹೊಸ ಅಡಿಕೆ ತೋಟ ಹಾಕಿದ್ದೆ. ಹಂದಿ, ಕಾಡುಕೋಣ ಎರಡೂ ರಾತ್ರಿ ಬರುತ್ತವೆ, ಸಸಿ ಉಳಿಯಬೇಕಾದರೆ ಅಲ್ಲೇ ಮಲಗಬೇಕು. ಮನೆ ಕಟ್ಟಲು ದುಡ್ಡಿರಲಿಲ್ಲ, ದಾರಿಯೂ ಆಗಿರಲಿಲ್ಲ. ಐದು ವರ್ಷದ ಮಾತು ಇದು.

ಮೊದಲ ವರ್ಷ ಪಾಲಿಯೆಸ್ಟರಿನ ಗುಮ್ಮಟದಂಥ ಟೆಂಟ್ ತಂದೆ, ಆರೂವರೆ ಸಾವಿರ ಕೊಟ್ಟು. ಅದರ ಕಥೆ ಬೇಗ ಮುಗಿಯುತ್ತದೆ. ಹೊರಗಿನ ಮಳೆ ಒಳಗೆ ಬರಲಿಲ್ಲ, ನನ್ನ ಉಸಿರೇ ಹನಿಯಾಗಿ ಬೆಳಿಗ್ಗೆ ಹಾಸಿಗೆ ತೋಯಿಸುತ್ತಿತ್ತು. ಮುಂದಿನ ಬೇಸಿಗೆಯ ಬಿಸಿಲಿಗೆ ಬಟ್ಟೆ ಒಣಗಿದ ಬಾಳೆಪಟ್ಟೆಯಂತಾಗಿ ಬೆರಳು ಇಟ್ಟಲ್ಲಿ ತೂತು ಬಿತ್ತು.

ಎರಡನೇ ವರ್ಷದ್ದು ಹನ್ನೊಂದು ಸಾವಿರದ ಪಾಠ. ಮಿಲಿಟರಿ ನಮೂನೆಯ ಹಳೇ ಟೆಂಟ್, ಕಾನ್ಪುರದಲ್ಲಿ ಹೊಲಿದದ್ದು ಅಂತ ಮಾರಿದವರ ಮಾತು. ದಪ್ಪ ಬಟ್ಟೆ ಮುಟ್ಟಿದ ಕೂಡಲೇ ಮರುಳಾದೆ. ತೂಕ ನೋಡಿದೆ, ಜೀವ ನೋಡಲಿಲ್ಲ. ಈಗ ಯಾರಾದರೂ ಹಳೇ ಕ್ಯಾನ್ವಾಸ್ ತೋರಿಸಿದರೆ ನಾನು ಮಾಡುವುದು ಇಷ್ಟು: ಮಡಿಕೆಯ ಒಳಗೆ ಮೂಗಿಟ್ಟು ಮೂಸುತ್ತೇನೆ, ಸೂರಿನ ಹೊಲಿಗೆಯ ಪಕ್ಕದಲ್ಲಿ ದಬ್ಬಣ ಚುಚ್ಚಿ ಅಡ್ಡಕ್ಕೆ ಎಳೆಯುತ್ತೇನೆ, ಆಮೇಲೆ ಅಂಚಿನಿಂದ ಒಂದು ಎಳೆ ಕಿತ್ತು ಜಗ್ಗುತ್ತೇನೆ. ಒಳ್ಳೆ ನೂಲು ಬೆರಳು ಕೊಯ್ಯುವಷ್ಟು ಹಟ ಮಾಡುತ್ತದೆ, ಸತ್ತ ನೂಲು ಸದ್ದಿಲ್ಲದೆ ತುಂಡಾಗುತ್ತದೆ. ಆ ಟೆಂಟಿನ ಸೂರು ಜುಲೈ ಕೊನೆಯ ಒಂದು ರಾತ್ರಿ ಎರಡು ಮಾರು ಉದ್ದಕ್ಕೆ ಬಿರಿಯಿತು. ನೆಲಕ್ಕೆ ತಾಗುವ ಪಟ್ಟಿಯನ್ನು ಒರಲೆ ಮೊದಲೇ ಮುಗಿಸಿತ್ತು. ಉಳಿದ ಮಳೆಗಾಲ ಪ್ಲಾಸ್ಟಿಕ್ ತಾಡಪಾಲಿನ ಕೆಳಗೆ ಕಂಬಳಿ ಹೊದ್ದು ಕಳೆದೆ.

ಆದರೆ ಆ ಹಾಳು ಟೆಂಟಿನಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಮರದ ಕೆಳಗಿದ್ದ, ಮಳೆ ನೇರ ಬೀಳದ ಹಿಂದಿನ ಗೋಡೆ ಗಟ್ಟಿಯಾಗಿಯೇ ಇತ್ತು. ನೀರು ಬಡಿದಲ್ಲಿ ಮತ್ತು ಬಿಸಿಲು ಬಡಿದಲ್ಲಿ ಮಾತ್ರ ಬಟ್ಟೆ ಸತ್ತಿತ್ತು. ಹತ್ತಿ ಒದ್ದೆಯಾದರೆ ನೂಲು ಉಬ್ಬಿ ನೇಯ್ಗೆಯ ಕಣ್ಣು ಮುಚ್ಚಿಕೊಳ್ಳುತ್ತದೆ, ನೀರು ಸೋರುವುದಿಲ್ಲ. ಇದು ನಮಗೆಲ್ಲ ಗೊತ್ತಿರುವುದೇ. ಬಯಲುಸೀಮೆಯಲ್ಲಿ ಮಳೆ ಬಂದು ಹೋಗಿ ಮರುದಿನ ಒಣಗುತ್ತದೆ, ಅಲ್ಲಿ ಆ ಗುಣ ಸಾಕು. ನಮ್ಮಲ್ಲಿ ಒದ್ದೆಯಾದ ಬಟ್ಟೆ ಎರಡು ತಿಂಗಳು ಒದ್ದೆಯಾಗಿಯೇ ಇರುತ್ತದೆ. ಮಾರುವವರು ನೀರು ತಡೆಯುವ ಲೇಪದ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಮಲೆನಾಡಿನಲ್ಲಿ ಕೇಳಬೇಕಾದ ಪ್ರಶ್ನೆ ಕೊಳೆಯದ್ದು.

ಬೊಂಬಾಯಿ ಕಡೆಯಿಂದ ಬರುವ ರೆಡಿ ಟೆಂಟಿಗೆ ಎಂಬತ್ತೈದು ಸಾವಿರದ ಸುತ್ತಮುತ್ತ ಹೇಳಿದರು. ಗಂಟೆಯಾಕಾರದ್ದೂ ನೋಡಿದೆ. ನೋಡಲು ಚೆಂದ, ಬಾಗಿಲ ಮೇಲೆ ಸೂರಿಲ್ಲ. ಬಾಗಿಲು ತೆಗೆದರೆ ಮಳೆ ಒಳಗೆ. ನಮ್ಮ ಹೆಂಚಿನ ಮನೆಗಳ ಮಾಡು ಸುಮ್ಮನೆ ಅಷ್ಟು ಇಳಿಜಾರಾಗಿಲ್ಲ. ಹಾಗಾಗಿ ನಾನೇ ಹೊಲಿಸುವುದೆಂದು ತೀರ್ಮಾನ ಮಾಡಿದೆ: 12 ಅಡಿ ಅಗಲ, 14 ಅಡಿ ಉದ್ದ, ಗೋಡೆ 4 ಅಡಿ, ನಡುವಿನ ಎತ್ತರ 10 ಅಡಿ. ಅಂದರೆ ಮಾಡಿನ ಇಳಿಜಾರು ಸರಿಯಾಗಿ 45 ಡಿಗ್ರಿ. ಅದಕ್ಕಿಂತ ಚಪ್ಪಟೆ ಮಾಡಿದರೆ ನೀರು ಓಡುವ ಮೊದಲು ನಿಲ್ಲುತ್ತದೆ. ದೊಡ್ಡ ಟೆಂಟ್ ಬೇಡ. ಒಳಗಿನ ಗಾಳಿ ಒಣಗಿಸುವುದು ಸಣ್ಣ ಜಾಗದಲ್ಲಿ ಮಾತ್ರ ಕೈಗೆಟುಕುವ ಕೆಲಸ.

ಬಟ್ಟೆ ಕೋರಾ, ಅಂದರೆ ಬಿಳುಪು ಮಾಡದ, ಬಣ್ಣ ಹಾಕದ, ನೂರಕ್ಕೆ ನೂರು ಹತ್ತಿ, ಯಾವ ಲೇಪವೂ ಇಲ್ಲದ್ದು. ಮಾಡಿಗೆ 400 ಜಿಎಸ್‌ಎಂ (ಒಂದು ಚದರ ಮೀಟರಿನ ತೂಕ, ಗ್ರಾಂನಲ್ಲಿ) ಹತ್ತಿರದ್ದು, ಗೋಡೆಗೆ 340. 36 ಇಂಚಿನ ಪನ್ನ (ಅಗಲ), ಮೀಟರಿಗೆ ಸರಾಸರಿ ಇನ್ನೂರು ರೂಪಾಯಿ ಬಿತ್ತು ಅಂತ ನೆನಪು. 72 ಮೀಟರ್ ತರಿಸಿದೆ. ಹೊಲಿಸುವ ಮೊದಲು ಇಡೀ ಥಾನನ್ನು ಹೊಳೆಯಲ್ಲಿ ನೆನೆಸಿ ಒಣಗಿಸಿದೆ, ಮೂರು ಸಲ. 67 ಮೀಟರಿಗೆ ಇಳಿಯಿತು. ಐದು ಮೀಟರ್ ಕಣ್ಣೆದುರೇ ಕರಗಿತಲ್ಲ ಅಂತ ಅಮ್ಮ ಬೇಜಾರು ಮಾಡಿಕೊಂಡಳು. ಆದರೆ ಹೊಲಿದ ಮೇಲೆ ಕುಗ್ಗಿದ್ದರೆ ಸೂರಿನ ಹೊಲಿಗೆಗಳೇ ಬಟ್ಟೆಯನ್ನು ಹರಿಯುತ್ತಿದ್ದವು.

ಇನ್ನು ಕೊಳೆಯದ ಹಾಗೆ ಮಾಡುವ ಕೆಲಸ. ಬಟ್ಟೆ ತರಿಸುವ ಮೊದಲಿನ ಮಳೆಗಾಲದಲ್ಲೇ ಇದಕ್ಕೊಂದು ಪರೀಕ್ಷೆ ಶುರು ಮಾಡಿದ್ದೆ. ಕ್ಯಾನ್ವಾಸಿನ ಏಳು ತುಂಡುಗಳನ್ನು ಕೊಟ್ಟಿಗೆಯ ಹಿಂದೆ, ಮಾಡಿನ ನೀರು ಬೀಳುವಲ್ಲಿ ನೇತು ಹಾಕಿದ್ದೆ. ಒಂದು ಹಾಗೇ ಬಿಟ್ಟದ್ದು. ಒಂದಕ್ಕೆ ಸೋಪು ನೀರು, ಆಮೇಲೆ ಪಟಿಕದ ನೀರು. ಒಂದಕ್ಕೆ ಸೀಮೆಎಣ್ಣೆಯಲ್ಲಿ ಕರಗಿಸಿದ ಮೇಣ. ಒಂದಕ್ಕೆ ಬೇವಿನೆಣ್ಣೆ. ಒಂದು ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ ಅದ್ದಿದ್ದು, ಒಂದು ಚೊಗರಿನ ಮೇಲೆ ಮೈಲುತುತ್ತ (ತಾಮ್ರದ ಸಲ್ಫೇಟ್) ಕೊಟ್ಟದ್ದು. ಏಳನೆಯದು ಪಾಲಿಯೆಸ್ಟರ್ ಬೆರೆಸಿದ ಕ್ಯಾನ್ವಾಸ್.

ಪಟಿಕ ಒಂದು ತಿಂಗಳು ಬಲು ಚೆನ್ನಾಗಿ ಕೆಲಸ ಮಾಡಿತು, ಹನಿ ಕೆಸುವಿನ ಎಲೆಯ ಮೇಲೆ ಓಡಿದಂತೆ ಓಡುತ್ತಿತ್ತು. ಆರಿದ್ರೆ ಮುಗಿಯುವುದರೊಳಗೆ ತೊಳೆದು ಹೋಯಿತು. ಮೇಣದ್ದು ನೀರನ್ನು ಬಿಡಲೇ ಇಲ್ಲ, ಆದರೆ ಗಾಳಿಯನ್ನೂ ಬಿಡಲಿಲ್ಲ. ಒಂದು ಮೂಲೆಗೆ ಕಡ್ಡಿ ಗೀರಿ ನೋಡಿದೆ, ದೊಂದಿಯಂತೆ ಉರಿಯಿತು. ಅದರೊಳಗೆ ಮಲಗುವ ಮಾತೇ ಇಲ್ಲ. ಬೇವಿನೆಣ್ಣೆಯ ತುಂಡಿಗೆ ಬೂಷ್ಟು ತಡವಾಗಿ ಬಂತು, ಅಷ್ಟೇ. ಪಾಲಿಯೆಸ್ಟರ್ ಬೆರಕೆಯದ್ದು ಹರಿಯಲಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಅದರೊಳಗಿನ ಹತ್ತಿ ಕೊಳೆತು ಬಟ್ಟೆ ಜಾಳಾಗಿತ್ತು. ಎರಡು ವರ್ಷಕ್ಕೆ ಬೇಕೆನ್ನುವವರಿಗೆ ಅದು ಸಾಕು, ಹಗುರವೂ ಹೌದು.

ದೀಪಾವಳಿಯಲ್ಲಿ ಎಳೆದು ನೋಡಿದಾಗ ಚೊಗರು ಮತ್ತು ಮೈಲುತುತ್ತದ ತುಂಡನ್ನು ನಾನೂ ತಮ್ಮನೂ ಎರಡೂ ಕಡೆ ಹಿಡಿದು ಜಗ್ಗಿದರೂ ಹರಿಯಲಿಲ್ಲ.

ಇದು ನನ್ನ ತಲೆಯಿಂದ ಉದುರಿದ್ದಲ್ಲ. ಕರಾವಳಿಯಲ್ಲಿ ನೈಲಾನ್ ಬರುವ ಮೊದಲು ಹತ್ತಿಯ ಬಲೆಗಳನ್ನು ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ತೊಗಟೆಯ ಒಗರು ನೂಲನ್ನು ಕೊಳೆಯದಂತೆ ಕಾಯುತ್ತದೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಇರುವುದೂ ಅದೇ ಒಗರು. ನಾವು ಮತ್ತಿ ತೊಗಟೆಯನ್ನೂ ಹಾಕುತ್ತೇವೆ, ಇನ್ನೂ ಗಟ್ಟಿ. ಅದರ ಮೇಲೆ ಮೈಲುತುತ್ತ ಕೊಟ್ಟರೆ ಒಗರು ನೂಲಿಗೆ ಕಚ್ಚಿಕೊಳ್ಳುತ್ತದೆ, ತಾಮ್ರ ಬೂಷ್ಟನ್ನು ಹತ್ತಿರ ಸೇರಿಸುವುದಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕಲಸಿ ಹೊಡೆಯುವ ನಮಗೆ ಇದು ಹೊಸ ಸಾಮಾನೇ ಅಲ್ಲ.

ಆದರೂ ಮೊದಲ ಸಲ ಕೈ ಸುಟ್ಟುಕೊಂಡೆ. ಬೇಗ ಆಗಲಿ ಎಂದು ಹನ್ನೆರಡು ಮೀಟರನ್ನು ಕಬ್ಬಿಣದ ಡ್ರಮ್ಮಿನಲ್ಲಿ ಚೊಗರಿಗೆ ಹಾಕಿದೆ. ಬಟ್ಟೆ ಮೇಲೆ ಮಸಿ ಚೆಲ್ಲಿದಂತೆ ಕಪ್ಪು ಕಲೆ ಎದ್ದವು. ತಿಂಗಳು ಕಳೆಯುವುದರೊಳಗೆ ಕಲೆಯಿದ್ದಲ್ಲೆಲ್ಲ ಬಟ್ಟೆ ಹಪ್ಪಳವಾಯಿತು. ಒಗರಿಗೂ ಕಬ್ಬಿಣಕ್ಕೂ ಆಗುವುದಿಲ್ಲ, ಎರಡೂ ಸೇರಿ ಹತ್ತಿಯನ್ನು ತಿನ್ನುತ್ತವೆ. ಎರಡು ಸಾವಿರದ ನಾನೂರು ರೂಪಾಯಿ ಹೋಯಿತು, ಮತ್ತೆ ಹದಿನಾಲ್ಕು ಮೀಟರ್ ತರಿಸಬೇಕಾಯಿತು. ಚೊಗರಿಗೆ ತಾಮ್ರದ ಹಂಡೆ, ಮೈಲುತುತ್ತಕ್ಕೆ ಪ್ಲಾಸ್ಟಿಕ್ ಡ್ರಮ್. ಇದೇ ಕಾರಣಕ್ಕೆ ಟೆಂಟಿನ ರಿಂಗುಗಳೂ ಹಿತ್ತಾಳೆಯವೇ ಆಗಬೇಕು.

ಚೊಗರು ಎಷ್ಟು ಗಟ್ಟಿ, ಮೈಲುತುತ್ತ ಎಷ್ಟು ತೆಳು, ಎರಡರ ನಡುವೆ ಬಟ್ಟೆಯನ್ನು ಎಷ್ಟು ದಿನ ಎಲ್ಲಿಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಕೂತು ಕಂಡುಕೊಂಡದ್ದು ಅದು. ಇಷ್ಟು ಹೇಳುತ್ತೇನೆ: ಕೊನೆಯಲ್ಲಿ ಹೊಳೆಯಲ್ಲಿ ಚೆನ್ನಾಗಿ ತೊಳೆಯದೆ ಬಿಟ್ಟರೆ ಮೈಲುತುತ್ತದ ಹುಳಿಯೇ ಬಟ್ಟೆಯನ್ನು ಮುಗಿಸುತ್ತದೆ.

ಹೊಲಿಗೆಗೆ ಶಿವಮೊಗ್ಗಕ್ಕೆ ಹೋದೆ. ಲಾರಿ ತಾಡಪಾಲು ಹೊಲಿಯುವವರ ಹತ್ತಿರವೇ ಹೋಗಬೇಕು, ಬಟ್ಟೆಯಂಗಡಿಯ ಟೈಲರಿಗೆ ಇದು ಆಗದ ಕೆಲಸ. ಮೊದಲು ಒಂದು ಗೋಡೆಯನ್ನು ನೈಲಾನ್ ದಾರದಲ್ಲಿ ಹೊಲಿದುಕೊಟ್ಟರು. ನೀರು ಬಿದ್ದಾಗ ಬಟ್ಟೆ ಉಬ್ಬಿತು, ದಾರ ಉಬ್ಬಲಿಲ್ಲ. ಒಂದೊಂದು ಸೂಜಿಯ ತೂತಿನಲ್ಲೂ ಹನಿ. ಬಿಚ್ಚಿಸಿ, ಒಳಗೆ ಪಾಲಿಯೆಸ್ಟರ್ ಹೊರಗೆ ಹತ್ತಿ ಸುತ್ತಿದ ದಾರದಲ್ಲಿ, ಎರಡೂ ಅಂಚು ಒಂದರೊಳಗೊಂದು ಮಡಚಿ ಜೋಡಿ ಹೊಲಿಗೆ ಹಾಕಿಸಿದೆ. ಮಾಡಿನ ಹೊಲಿಗೆಗಳಿಗೆ ಮಾತ್ರ ತುಡುವೆ ಜೇನಿನ ಮೇಣ ಉಜ್ಜಿ ಬಿಸಿಲಿಗಿಟ್ಟೆ. ಮಜೂರಿ ಒಂಬತ್ತು ಸಾವಿರ.

ನಡು ತೊಲೆಗೆ ಮೊದಲು ಅಡಿಕೆ ಮರ ಹಾಕಿದ್ದೆ, ಎರಡನೇ ವರ್ಷ ಬೆನ್ನು ಬಾಗಿತು. ಈಗ ಒಂದೂವರೆ ಇಂಚಿನ ಜಿಐ ಪೈಪು, ಬಟ್ಟೆಗೆ ತಾಗುವಲ್ಲಿ ಹಳೇ ಪಂಚೆ ಸುತ್ತಿದ್ದೇನೆ. ನಮ್ಮ ಮಣ್ಣು ನೆನೆದರೆ ಗೂಟ ಬೆಣ್ಣೆಯಲ್ಲಿ ನೆಟ್ಟಂತೆ. ಗೂಟ ಬಿಟ್ಟು ಎರಡಡಿ ಆಳಕ್ಕೆ ಜಂಬಿಟ್ಟಿಗೆ ಕಲ್ಲು ಹೂತು ಅದಕ್ಕೆ ಹಗ್ಗ ಕಟ್ಟಿದೆ. ಹಗ್ಗದ ನಡುವೆ ಲಾರಿ ಟ್ಯೂಬಿನ ಒಂದು ಬಳೆ. ಒದ್ದೆಯಾದ ಹತ್ತಿ ಕುಗ್ಗಿ ಎಳೆದಾಗ ರಬ್ಬರು ಹಿಗ್ಗುತ್ತದೆ. ಮಧ್ಯರಾತ್ರಿ ಎದ್ದು ಹಗ್ಗ ಸಡಿಲಿಸುವ ಕೆಲಸ ತಪ್ಪಿತು.

ಇಷ್ಟೆಲ್ಲ ಮಾಡಿಯೂ ಬಟ್ಟೆಯನ್ನು ಬಯಲಿಗೆ ಬಿಟ್ಟಿಲ್ಲ. ಟೆಂಟಿನ ಮೇಲೆ ಒಂದೂವರೆ ಅಡಿ ಬಿಟ್ಟು ಬಿದಿರು, ಸೀಳಿದ ಅಡಿಕೆ ಮರದ ದಬ್ಬೆಯ ಚಪ್ಪರ, ಅದರ ಮೇಲೆ ಪ್ಲಾಸ್ಟಿಕ್ ತಾಡಪಾಲು. "ಹಂಗಾರೆ ಟೆಂಟ್ ಎಂತಕ್ಕೆ?" ಅಂತ ಎಲ್ಲರೂ ಕೇಳಿದರು. ಚಪ್ಪರ ಮೇಲಿನ ಮಳೆಯನ್ನೂ ಬೇಸಿಗೆಯ ಬಿಸಿಲನ್ನೂ ತೆಗೆದುಕೊಳ್ಳುತ್ತದೆ. ಅಡ್ಡ ಬೀಸುವ ಇರಚಲು, ಚಳಿ, ಸೊಳ್ಳೆ, ಉಂಬಳ ಇವನ್ನು ತಡೆಯುವುದು ಟೆಂಟ್. ತಾಡಪಾಲು ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಎರಡು ಸಾವಿರ. ಕ್ಯಾನ್ವಾಸ್ ಬದಲಾಯಿಸಲು ಎಷ್ಟಾಗುತ್ತದೆಂದು ಲೆಕ್ಕ ಹಾಕಿ.

ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಪೇರಿಸಿ ದಬ್ಬೆ ಹಾಸಿದ್ದೇನೆ. ಗಾಳಿ ಕೆಳಗೆ ಓಡುತ್ತದೆ, ಒರಲೆ ಹತ್ತಿದರೆ ಕಲ್ಲಿನ ಮೇಲಿನ ಮಣ್ಣಿನ ಗೆರೆ ಬೆಳಿಗ್ಗೆಯೇ ಕಾಣುತ್ತದೆ. ಬೇಸಿಗೆಯಲ್ಲಿ ಎತ್ತರಕ್ಕೆ ಇನ್ನೊಂದು ಕಾರಣವಿದೆ, ಉಣುಗು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ ಕ್ಯಾಸನೂರು ನಮ್ಮ ಜಿಲ್ಲೆಯದ್ದೇ. ಡಿಸೆಂಬರಿನಿಂದ ಮೇವರೆಗೆ ಟೆಂಟಿನ ಸುತ್ತ ಹತ್ತು ಮಾರು ಒಂದು ತರಗೆಲೆ ಬಿಡುವುದಿಲ್ಲ ನಾನು, ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತೇನೆ. ಕಾಡಿನ ಬದಿಯಲ್ಲಿ ತಿಂಗಳುಗಟ್ಟಲೆ ಟೆಂಟ್ ಹಾಕುವವರು ಇದನ್ನು ಹಗುರ ಮಾಡಬೇಡಿ.

ಮಳೆಗಾಲದಲ್ಲಿ ವಾರಕ್ಕೆ ಮೂರು ಸಲ ಚಪ್ಪರದ ಕೆಳಗೆ, ಟೆಂಟಿನ ಹೊರಗೆ, ಅಡಿಕೆ ಸಿಪ್ಪೆಯ ಹೊಗೆ ಹಾಕುತ್ತೇನೆ. ಅಡುಗೆಮನೆಯ ಅಟ್ಟದಲ್ಲಿಟ್ಟದ್ದು ಕೆಡುವುದಿಲ್ಲವಲ್ಲ, ಅದೇ ಲೆಕ್ಕ. ತೇವ ಅಳೆಯುವ ಆರುನೂರು ರೂಪಾಯಿಯ ಯಂತ್ರವೊಂದಿದೆ. ಆಶ್ಲೇಷದಲ್ಲಿ ಒಳಗೆ 95 ತೋರಿಸುತ್ತಿದ್ದದ್ದು ಹೊಗೆ, ಬೆಂಕಿಯಾದ ಮೇಲೆ 80ರ ಆಸುಪಾಸಿಗೆ ಇಳಿಯುತ್ತದೆ. ಬೆಂಕಿ ಮಾತ್ರ ಹೊರಗೇ ಇರಬೇಕು. ಈ ಟೆಂಟಿನ ಮೊದಲ ವರ್ಷ ಒಂದು ರಾತ್ರಿ ಚಳಿ ತಡೆಯದೆ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಮಲಗಿದೆ. ತಲೆ ಸಿಡಿದು, ವಾಂತಿ ಬಂದು ಎಚ್ಚರವಾಯಿತು. ತೆವಳಿಕೊಂಡು ಹೊರಗೆ ಬಂದೆ. ಒದ್ದೆ ಕ್ಯಾನ್ವಾಸಿನ ಕಣ್ಣು ಮುಚ್ಚಿರುತ್ತದೆ, ಕೆಂಡದ ವಿಷಗಾಳಿಗೆ ಹೋಗಲು ದಾರಿಯಿಲ್ಲ. ಆ ದಿನ ಎಚ್ಚರವಾಗದಿದ್ದರೆ ನಾನಿರುತ್ತಿರಲಿಲ್ಲ.

ಹಾಳಾದ ಬಟ್ಟೆಯೂ ಸೇರಿ ಎಲ್ಲ ಕೂಡಿ ಸುಮಾರು ನಲವತ್ತೇಳು ಸಾವಿರ ಆಗಿರಬಹುದು, ನನ್ನ ಮೈಕೆಲಸ ಬಿಟ್ಟು. ಬಾಗಿಲ ಕೆಳಗೆ ಸವೆದ ಒಂದು ಗೇಣಿಗೆ ಈ ವಾರ ತೇಪೆ ಹಾಕುತ್ತೇನೆ, ಮಿಕ್ಕ ಚೂರು ಚೊಗರು ಕುಡಿದೇ ಇದೆ.

ಮುಂದಿನ ಮಳೆಗಾಲಕ್ಕೆ ಮಾಡುವವರಿದ್ದರೆ ಕೋರಾ ಬಟ್ಟೆಯನ್ನು ಈಗಲೇ ತರಿಸಿ. ಕೊಯ್ಲು ಮುಗಿದರೆ ಹೊಸ ಚೊಗರು ಸಿಗುವುದಿಲ್ಲ, ಹಂಡೆ ತೊಳೆದು ಮೇಲಿಡುತ್ತಾರೆ. ಅದ್ದಿದ ಬಟ್ಟೆಗೆ ಯುಗಾದಿವರೆಗಿನ ಬಿಸಿಲು ಬೇಕು, ಹೊಲಿಯುವವರಿಗೆ ಒಂದು ತಿಂಗಳು ಕೊಡಬೇಕು. ಭಾವನ ಎಪ್ಪತ್ತು ಮೀಟರ್ ನಿನ್ನೆ ಬಂತು, ಹೊಳೆಯಲ್ಲಿ ನೆನೆಹಾಕಿದ್ದೇವೆ.