‘ಶ್ರೀ’ಯ ಒತ್ತೇ ಕುಂಚದ ಗೆರೆಯಾಯಿತು

ಕಳೆದ ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಚಿತ್ರಕಲಾವಿದೆಯೊಬ್ಬರು ಲೋಗೊ ಮಾಡಿಸಲು ಬಂದರು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾರೆ, ಮನೆಯಿಂದಲೇ ಫ್ರೀಲಾನ್ಸ್ ಕೆಲಸ. “ಅಣ್ಣಾ, ಒಂದು ಬ್ರಶ್, ಒಂದು ಪೆನ್ಸಿಲ್, ಕೆಳಗೆ ನನ್ನ ಹೆಸರು. ಅಷ್ಟು ಸಾಕಲ್ವಾ?” ಅಂದರು.

ಲೋಗೊ ಎಲ್ಲೆಲ್ಲಿ ಕೂರಬೇಕು ಎಂದು ಮೊದಲು ಕೇಳಿದೆ. ಚಿತ್ರದ ಮೂಲೆಯಲ್ಲಿ ಸಹಿಯ ಹಾಗೆ, ವಾಟ್ಸಾಪ್ ಡಿಪಿಯಲ್ಲಿ, ಬಿಲ್ಲಿನ ಮೇಲೆ, ಪಾರ್ಸೆಲ್ ಕವರಿಗೆ ಒತ್ತುವ ರಬ್ಬರ್ ಸ್ಟಾಂಪಿನಲ್ಲಿ. ಎಲ್ಲವೂ ಸಣ್ಣ ಜಾಗ. ಅಲ್ಲಿ ಬ್ರಶ್ಶೂ ಪೆನ್ಸಿಲೂ ಎರಡು ಕಡ್ಡಿಗಳ ಹಾಗೆ ಕಾಣುತ್ತವೆ. ಅಲ್ಲದೆ ಅದು ಚಿತ್ರ ಬರೆಯುವ ಎಲ್ಲರ ಗುರುತು, ಇವರೊಬ್ಬರದ್ದಲ್ಲ.

ಆಮೇಲೆ ಲಿಪಿಯ ಪ್ರಶ್ನೆ. 1956ರಲ್ಲಿ ಕೇರಳಕ್ಕೆ ಸೇರಿದ ಊರು ನಮ್ಮದು. ಪೇಟೆಯಲ್ಲಿ ಮಲಯಾಳಂ, ಕನ್ನಡ, ಇಂಗ್ಲಿಷ್ ಬೋರ್ಡುಗಳು ಒಟ್ಟೊಟ್ಟಿಗೆ ಇರುತ್ತವೆ. ಇವರಿಗೆ ಮಲಯಾಳಂ ಪ್ರಕಾಶಕರೂ ಕೆಲಸ ಕೊಡುತ್ತಾರೆ. ಹಾಗಾಗಿ ಇಂಗ್ಲಿಷ್ ಸಾಕು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅವರ ಹೆಸರು ‘ಶ್ರೀ’ಯಿಂದ ಶುರುವಾಗುತ್ತದೆ. ಮೂರೂ ಲಿಪಿಯಲ್ಲಿ ಬರೆದು ನೋಡಿದೆ. ಮಲಯಾಳಂನಲ್ಲಿ ರ-ಕಾರದ ಗುರುತು ಎಡಗಡೆಯಿಂದ ಬಂದು ಅಕ್ಷರವನ್ನು ಹಿಡಿದುಕೊಳ್ಳುತ್ತದೆ. ಕನ್ನಡದಲ್ಲಿ ಒತ್ತು ಕೆಳಗೆ ಬಾಗಿ ನಿಲ್ಲುತ್ತದೆ. ಆ ಬಾಗು ಕುಂಚವನ್ನು ಒಂದೇ ಸಲ ಎಳೆದ ಗೆರೆಯೇ ಅಲ್ವಾ! ಬೇರೆ ಬ್ರಶ್ಶಿನ ಚಿತ್ರ ಯಾಕೆ ಬೇಕು?

ಆ ಗೆರೆಯನ್ನು ಅವರ ಕೈಯಲ್ಲೇ ಎಳೆಸಿದೆ. ಎರಡು ಹಾಳೆ ತುಂಬ ಒತ್ತುಗಳನ್ನೇ ಬರೆದರು. ಒಂದನ್ನು ಆರಿಸಿ ಸ್ಕ್ಯಾನ್ ಮಾಡಿ, ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡಿದೆ, ಅಂದರೆ ಅದರ ಅಂಚು ಹಿಡಿದು ಕಂಪ್ಯೂಟರಿನ ಗೆರೆ ಮಾಡಿದೆ. ಟ್ರೇಸ್ ಮಾಡಿದಾಗ ಗೆರೆಯ ಆಕಾರ ಹಿಡಿದಿಡುವ ಬಿಂದುಗಳು, ಅಂದರೆ ನೋಡ್‌ಗಳು ಜಾಸ್ತಿ ಬರುತ್ತವೆ, ಬೇಡದ್ದನ್ನು ಒಂದೊಂದಾಗಿ ತೆಗೆದೆ. ಆದರೆ ಕುಂಚದ ಒಣ ತುದಿಯನ್ನು ಮುಟ್ಟಲಿಲ್ಲ. ಅದು ಅವರ ಕೈ.

ಕಷ್ಟ ಕೊಟ್ಟದ್ದು ದೀರ್ಘ. ಅದರಿಂದ ಅಕ್ಷರ ಅಗಲವಾಗಿ, ಡಿಪಿಯ ವೃತ್ತದೊಳಗೆ ತೀರಾ ಸಣ್ಣದಾಯಿತು. “ದೀರ್ಘ ಬಿಟ್ಟುಬಿಡುವ” ಅಂದರು. ಬಿಟ್ಟರೆ ‘ಶ್ರಿ’ ಆಗುತ್ತದೆ, ಹೆಸರೇ ತಪ್ಪು. ದೀರ್ಘವನ್ನು ಒಳಗೆ ಸರಿಸಿ, ಒತ್ತಿನ ತುದಿಯನ್ನು ಅದರ ಕೆಳಕ್ಕೆ ತಂದು ನಿಲ್ಲಿಸಿದೆ. ಮೂರು ದಿನ ಅದಕ್ಕೇ ಹೋಯಿತು.

ಬರೀ ಕಪ್ಪಿನಲ್ಲಿ, 1 ಸೆಂಟಿಮೀಟರ್ ಅಳತೆಯಲ್ಲಿ ಪ್ರಿಂಟ್ ತೆಗೆದು ನೋಡಿದೆ. ಓದಲು ಬರುತ್ತಿತ್ತು. ಸ್ಟಾಂಪಿನಲ್ಲಿ ಮಾತ್ರ ಅಕ್ಷರದ ಮೇಲಿನ ಗುಡಿಸಿನ ಸಂದಿಗೆ ಶಾಯಿ ತುಂಬಿಕೊಂಡಿತು. ಸಂದಿ ಅಗಲ ಮಾಡಿ ಎರಡನೇ ಸ್ಟಾಂಪ್ ಮಾಡಿಸಿದೆವು. ಬಣ್ಣ ಕೊನೆಗೆ: ಅಡಿಕೆ ಹಣ್ಣಿನ ಕಿತ್ತಳೆ.

ಒಂದು ತಪ್ಪು ನನ್ನಿಂದಲೇ ಆಯಿತು. ಬಿಲ್ ಪುಸ್ತಕದ ಫೈಲಿನಲ್ಲಿ ಹೆಸರನ್ನು ಟೈಪ್ ಮಾಡಿದ ಹಾಗೆಯೇ ಪ್ರೆಸ್ಸಿಗೆ ಕಳಿಸಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಪ್ರೂಫಿನಲ್ಲಿ ಒತ್ತು ಕಳಚಿ ‘ಶ್‌ರೀ’ ಅಂತ ಬಂದಿತ್ತು. ಪ್ರೂಫ್ ನೋಡಿದ್ದರಿಂದ ಕಾಗದ ಹಾಳಾಗಲಿಲ್ಲ. ಈಗ ಅಕ್ಷರಗಳನ್ನೆಲ್ಲ ಕರ್ವ್ ಮಾಡದೆ, ಅಂದರೆ ಫಾಂಟ್ ಬೇಡದ ಗೆರೆಗಳಾಗಿ ಬದಲಾಯಿಸದೆ, ಯಾವ ಫೈಲನ್ನೂ ಕಳಿಸುವುದಿಲ್ಲ. ಅವರಿಗೆ ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಎಸ್‌ವಿಜಿ, ಪಿಡಿಎಫ್, ಹಿನ್ನೆಲೆ ಇಲ್ಲದ ಪಿಎನ್‌ಜಿ, ಜೊತೆಗೆ ಕಡು ಬಣ್ಣದ ಚಿತ್ರಗಳ ಮೇಲೆ ಹಾಕಲು ಬಿಳಿಯದೊಂದು ಕೊಟ್ಟೆ.

ಮೊನ್ನೆ ಒಂದು ಮಲಯಾಳಂ ಪುಸ್ತಕದ ಚಿತ್ರ ಕಳಿಸಿದ್ದರು. ಮೂಲೆಯಲ್ಲಿ ಕನ್ನಡದ ‘ಶ್ರೀ’, ಕೆಳಗೆ ಸಣ್ಣದಾಗಿ ಮಲಯಾಳಂನಲ್ಲಿ ಅವರ ಹೆಸರು.